ಬಿಸಿಲು ಬಾರದ ಮನೆಗೆ ಸೊಪ್ಪಿನ ದೀಪ

ಮನೆಮಂದಿಯ ವಿಜ್ಞಾನ

ಹೈದರಾಬಾದಿನಲ್ಲಿ ಬಿಸಿಲಿಗೆ ಬರ ಎಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು. ಚೈತ್ರ ಕಾಲಿಟ್ಟಿತೆಂದರೆ ಇಲ್ಲಿನ ಬಂಡೆಗಲ್ಲುಗಳು ಕಾದ ಹಂಚಿನಂತಾಗುವುದು ಎಲ್ಲರ ಅನುಭವದ ಮಾತು. ಆದರೆ ಊರಿಗೆ ಬೀಳುವ ಬಿಸಿಲು ಬೇರೆ, ಮನೆಯೊಳಕ್ಕೆ ಬರುವ ಬಿಸಿಲು ಬೇರೆ. ಬೀದರ, ಕಲಬುರ್ಗಿ, ರಾಯಚೂರುಗಳಿಂದಲೂ ಮೈಸೂರು, ಧಾರವಾಡಗಳಿಂದಲೂ ಉದ್ಯೋಗದ ನಿಮಿತ್ತ ಬಂದು ನೆಲೆಸಿದ ನಮ್ಮವರಲ್ಲಿ ಅನೇಕರು ಈಗ ಮಾಳಿಗೆಯ ಮೇಲೆ ಮಾಳಿಗೆ ಏರಿದ ಕಟ್ಟಡಗಳಲ್ಲಿ ವಾಸವಾಗಿದ್ದಾರೆ. ಒಂದು ಕಟ್ಟಡದ ನೆರಳು ಇನ್ನೊಂದರ ಬಾಲ್ಕನಿಯ ಮೇಲೆ. ಇಂಥ ಮನೆಯ ಅಡಿಗೆಕೋಣೆಯ ಕಿಟಕಿಯಲ್ಲಿ ಮೆಂತ್ಯ ಬಿತ್ತಿ ನೋಡಿ. ಮೂರನೆಯ ದಿನ ಮೊಳಕೆ ಬರುತ್ತದೆ, ವಾರದಲ್ಲಿ ನೂಲಿನ ಎಳೆಯಂತೆ ಉದ್ದಕ್ಕೆ ಏಳುತ್ತದೆ, ಆಮೇಲೆ ಮಗ್ಗುಲಿಗೆ ಬೀಳುತ್ತದೆ. ನೀರು ಹೆಚ್ಚಾಯಿತೋ, ಮಣ್ಣು ಕೆಟ್ಟಿತೋ ಎಂದು ಮನೆಯಾಕೆ ಚಿಂತಿಸುತ್ತಾಳೆ. ಮಣ್ಣು ನೀರುಗಳ ತಪ್ಪೇನೂ ಇಲ್ಲ. ಸಸಿಗೆ ಊಟ ಸಾಲಲಿಲ್ಲ. ಸಸಿಯ ಊಟವೆಂದರೆ ಬೆಳಕು.

ಆ ಊಟವನ್ನು ವಿದ್ಯುದ್ದೀಪದಿಂದ ಬಡಿಸಲು ಸಾಧ್ಯವೆ? ಸಾಧ್ಯ, ದೀಪವನ್ನು ನಾವೇ ಮಾಡಿಕೊಳ್ಳಲೂ ಸಾಧ್ಯ. ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಈ ಲೇಖಕನು ಇಂಜಿನಿಯರನಲ್ಲ, ಸರ್ಕಾರಿ ಕಛೇರಿಯ ಗುಮಾಸ್ತ. ಆದ್ದರಿಂದ ದೀಪವನ್ನೂ ಜಮಾ-ಖರ್ಚಿನ ಕಣ್ಣಿನಿಂದಲೇ ನೋಡೋಣ. ಮೊದಲು ಲೆಕ್ಕ, ಆಮೇಲೆ ಕೆಲಸ.

ಬೆಳಕಿನ ಜಮಾ-ಖರ್ಚು

ನಮ್ಮ ಕಣ್ಣು ಬೆಳಕನ್ನು ಅಳೆಯುವುದರಲ್ಲಿ ಬಲು ಮೋಸಗಾರ. ಮಂದ ಬೆಳಕಿನಲ್ಲಿ ಪಾಪೆಯನ್ನು ಹಿಗ್ಗಿಸಿಕೊಂಡು 'ಸಾಕಷ್ಟು ಬೆಳಕಿದೆ' ಎಂದುಬಿಡುತ್ತದೆ. ಅಳತೆಯ ಮಾನದಲ್ಲಿ ಹೇಳುವುದಾದರೆ, ಬಯಲಿನಲ್ಲಿ ನಡುಮಧ್ಯಾಹ್ನದ ಬಿಸಿಲು ಸುಮಾರು ೧ ಲಕ್ಷ ಲಕ್ಸ್. ನಾವು ಓದುವ ಮೇಜಿನ ಮೇಲಿನ ದೀಪದ ಬೆಳಕು ೩೦೦ ರಿಂದ ೫೦೦ ಲಕ್ಸ್. ಎಷ್ಟು ಅಂತರ ನೋಡಿ! ನಮಗೆ ಪತ್ರಿಕೆ ಓದಲು ಸಾಕಾದ ಬೆಳಕಿನಲ್ಲಿ ಸಸಿ ಉಪವಾಸ ಬೀಳುತ್ತದೆ.

ಅದೃಷ್ಟವಶಾತ್ ಎಲ್ಲ ಸಸಿಗೂ ಲಕ್ಷ ಬೇಕಾಗಿಲ್ಲ. ಮೆಂತ್ಯ, ಕೊತ್ತಂಬರಿ, ಪುದೀನಗಳಂಥ ಸೊಪ್ಪಿಗೆ ಎಂಟು-ಹತ್ತು ಸಾವಿರ ಲಕ್ಸ್ ಬೆಳಕು ದಿನಕ್ಕೆ ಹದಿನಾಲ್ಕು ಗಂಟೆ ದೊರೆತರೆ ಜೀವನ ಸಾಗುತ್ತದೆ. ಬಯಲಿನ ಒಂದು ದಿನದ ಬಿಸಿಲಿನಲ್ಲಿ ಇದು ಐದಾರರಲ್ಲಿ ಒಂದು ಪಾಲು ಮಾತ್ರ. ಕಡಿಮೆ ಬೆಳಕನ್ನು ಹೆಚ್ಚು ಹೊತ್ತು ಕೊಡುವುದು, ಇದೇ ಸೊಪ್ಪಿನ ದೀಪದ ಸೂತ್ರ.

ಬಿಳಿಯೋ, ನೇರಿಳೆಯೋ?

ಎಲ್.ಇ.ಡಿ. ಎಂಬುದು ವಿದ್ಯುತ್ತನ್ನು ನೇರವಾಗಿ ಬೆಳಕಾಗಿ ಮಾರ್ಪಡಿಸುವ ಹರಳು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಹರಳನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ೧೯೬೨ ರಲ್ಲಿ ಮಾಡಿ ತೋರಿಸಿದರು. ಪ್ರಖರವಾದ ನೀಲಿ ಹರಳು ಸಿದ್ಧವಾಗಲು ಮತ್ತೆ ಮೂವತ್ತು ವರ್ಷಗಳು ಹಿಡಿದವು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ ೨೦೧೪ ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ನೀಲಿಯ ಮೇಲೆ ಹಳದಿ ರಂಜಕದ ಲೇಪ ಕೊಟ್ಟರೆ ಬಿಳಿಯ ಬೆಳಕು ಬರುತ್ತದೆ. ಇಂದು ನಮ್ಮ ಮನೆಗಳಲ್ಲಿ ಉರಿಯುವ ಬಲ್ಬುಗಳೆಲ್ಲ ಇದೇ ಜಾತಿಯವು.

ಅಂಗಡಿಗಳಲ್ಲಿ 'ಗಿಡದ ದೀಪ' ಎಂದು ನೇರಿಳೆ ಬೆಳಕಿನ ಸಾಮಾನು ಹೆಚ್ಚು ಬೆಲೆಗೆ ಮಾರಾಟಕ್ಕಿರುತ್ತದೆ. ಎಲೆಯ ಹಸಿರು ದ್ರವ್ಯ ಕೆಂಪು, ನೀಲಿ ಬಣ್ಣಗಳನ್ನು ಹೆಚ್ಚಾಗಿ ಹೀರುವುದೇನೋ ನಿಜ. ಆದರೆ ಹಸಿರು ಬೆಳಕೂ ಎಲೆಗೆ ಉಪಯೋಗಕ್ಕೆ ಬರುತ್ತದೆಂದು ಮಕ್ರೀ ಎಂಬ ವಿಜ್ಞಾನಿ ೧೯೭೨ ರಲ್ಲೇ ಅನೇಕ ಬೆಳೆಗಳ ಮೇಲೆ ಅಳೆದು ತೋರಿಸಿದ್ದಾನೆ. ಅಲ್ಲದೆ ನೇರಿಳೆ ಬೆಳಕಿನಲ್ಲಿ ಎಲೆ ಹಳದಿಯಾದರೂ ಹುಳು ಹತ್ತಿದರೂ ನಮ್ಮ ಕಣ್ಣಿಗೆ ಬೀಳದು. ಮನೆಯಲ್ಲಿ ಇಡುವ ದೀಪಕ್ಕೆ ಸಾದಾ ಬಿಳಿಯೇ ಲೇಸು. ೪೦೦೦ ಕೆಲ್ವಿನ್ ಎಂದು ಬರೆದಿರುವ ನಡುಬಿಳುಪು ಸಿಕ್ಕರೆ ಒಳ್ಳೆಯದು.

ಬೇಕಾಗುವ ಸಾಮಾನುಗಳು

ಕೋಠಿಯ ಗುಜರಾತಿ ಗಲ್ಲಿ ಈ ಊರಿನಲ್ಲಿ ಎಲೆಕ್ಟ್ರಾನಿಕ್ ಬಿಡಿಸಾಮಾನುಗಳಿಗೆ ಹೆಸರಾದ ಜಾಗ. ಕಾಚಿಗುಡದಲ್ಲಿರುವ ನಮ್ಮವರಿಗೆ ಅದು ಸಂಜೆಯ ಕಾಲುನಡಿಗೆಯ ದಾರಿ. ಕೆಳಗಿನ ಪಟ್ಟಿಯನ್ನು ಬರೆದುಕೊಂಡು ಹೋಗತಕ್ಕದ್ದು:

೧. ೬೦ ಸೆಂ.ಮೀ. ಉದ್ದ, ೩೦ ಸೆಂ.ಮೀ. ಅಗಲ, ೨ ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು.
೨. ೧೨ ವೋಲ್ಟಿನ ಬಿಳಿ ಎಲ್.ಇ.ಡಿ. ಪಟ್ಟಿ, ಒಂದು ಸುರುಳಿ (೫ ಮೀಟರ್). ಮೀಟರಿಗೆ ೬೦ ಹರಳು, ೧೪.೪ ವಾಟ್ ಎಂದು ಬರೆದಿರುವುದನ್ನು ಆರಿಸಿ.
೩. ೧೨ ವೋಲ್ಟ್, ೫ ಆಂಪಿಯರಿನ, ಪೂರ್ತಿ ಮುಚ್ಚಿದ ಅಡಾಪ್ಟರು. ಅದರ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರಲೇಬೇಕು.
೪. ಅಡಾಪ್ಟರಿನ ಮೂತಿಗೆ ಹೊಂದುವ, ತಿರುಪು ಹಾಕಿ ತಂತಿ ಕೂಡಿಸುವ ಸಾಕೆಟ್ಟು. ೪ ಆಂಪಿಯರಿನ ಫ್ಯೂಸು, ಅದರ ಗೂಡು.
೫. ಕೆಂಪು, ಕಪ್ಪು ತಂತಿ ಎರಡೆರಡು ಮೀಟರ್. ೨೫ ವಾಟಿನ ಬೆಸುಗೆ ಕಡ್ಡಿ, ಬೆಸುಗೆ ಸೀಸ, ಅಂಟುಪಟ್ಟಿ.
೬. ೨೪ ಗಂಟೆಯ ಟೈಮರ್ ಪ್ಲಗ್ಗು.

ಸುರುಳಿಯಲ್ಲಿ ಅರ್ಧ ಮಾತ್ರ, ಅಂದರೆ ಎರಡೂವರೆ ಮೀಟರ್, ಖರ್ಚಾಗುತ್ತದೆ. ೧೪.೪ ನ್ನು ೨.೫ ರಿಂದ ಗುಣಿಸಿದರೆ ೩೬ ವಾಟ್; ಅದನ್ನು ೧೨ ರಿಂದ ಭಾಗಿಸಿದರೆ ೩ ಆಂಪಿಯರ್. ಅಡಾಪ್ಟರಿನ ಶಕ್ತಿ ೫. ಎತ್ತಿಗೆ ಹೊರಬಲ್ಲಷ್ಟೂ ಹೇರಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಡಾಪ್ಟರಿಗೂ ಅದೇ ನ್ಯಾಯ. ನೂರಕ್ಕೆ ಎಂಬತ್ತರ ಒಳಗೆ ಹೇರಿದರೆ ಬಹುಕಾಲ ಬಾಳುತ್ತದೆ.

ಮಾಡುವ ಕ್ರಮ

ಪಟ್ಟಿಯ ಮೇಲೆ ಮೂರು ಹರಳಿಗೊಂದರಂತೆ, ಅಂದರೆ ೫ ಸೆಂ.ಮೀ.ಗೆ ಒಂದರಂತೆ, ಕತ್ತರಿಯ ಗೆರೆ ಇರುತ್ತದೆ. ಮೂರು ಹರಳು ಮತ್ತು ಒಂದು ಪುಟ್ಟ ರೆಸಿಸ್ಟರು ಸೇರಿ ಒಂದು ಕುಟುಂಬ. ಪ್ರತಿ ಹರಳೂ ಸುಮಾರು ೩ ವೋಲ್ಟು ತೆಗೆದುಕೊಳ್ಳುತ್ತದೆ, ಉಳಿದ ಭಾರವನ್ನು ರೆಸಿಸ್ಟರು ಹೊರುತ್ತದೆ. ಈ ಯಜಮಾನನಿಲ್ಲದೆ ಹರಳಿಗೆ ನೇರವಾಗಿ ವಿದ್ಯುತ್ತು ಕೊಟ್ಟರೆ ಅದು ಮಿತಿಯಿಲ್ಲದೆ ಕುಡಿದು ಸುಟ್ಟುಹೋಗುತ್ತದೆ. ಆದ್ದರಿಂದ ಗೆರೆಯ ಮೇಲಲ್ಲದೆ ಬೇರೆಲ್ಲೂ ಕತ್ತರಿಸಬಾರದು.

ಅರ್ಧ ಮೀಟರಿನ ಐದು ತುಂಡುಗಳನ್ನು ಮಾಡಿಕೊಳ್ಳಿ. ತಗಡನ್ನು ಸ್ಪಿರಿಟ್ಟಿನಿಂದ ಒರೆಸಿ, ಉದ್ದಕ್ಕೆ ೫ ಸೆಂ.ಮೀ. ಅಂತರದಲ್ಲಿ ಐದು ಗೆರೆ ಎಳೆಯಿರಿ. ಪಟ್ಟಿಯ ತುದಿಗಳು ಬರುವ ಕಡೆ ತಗಡಿಗೆ ಮೊದಲು ಅಂಟುಪಟ್ಟಿ ಹಚ್ಚಿ. ಇಲ್ಲವಾದರೆ ತುದಿಯ ತಾಮ್ರ ತಗಡಿಗೆ ತಗಲುವ ಸಂಭವವುಂಟು. ಆಮೇಲೆ ತುಂಡುಗಳನ್ನು ಅಂಟಿಸಿ, ಎಲ್ಲ ತುಂಡುಗಳ ಧನ ತುದಿಯೂ ಒಂದೇ ಕಡೆ ಇರುವಂತೆ ನೋಡಿಕೊಳ್ಳಿ. ಐದೂ ಧನಗಳನ್ನು ಕೆಂಪು ತಂತಿಯಿಂದ, ಐದೂ ಋಣಗಳನ್ನು ಕಪ್ಪು ತಂತಿಯಿಂದ ಬೆಸೆಯಿರಿ. ಕೆಂಪು ತಂತಿಯ ದಾರಿಯಲ್ಲಿ ಫ್ಯೂಸನ್ನು ಕೂಡಿಸಿ, ಎರಡೂ ತಂತಿಗಳನ್ನು ಸಾಕೆಟ್ಟಿನ ಗುರುತಿಗೆ ಸರಿಯಾಗಿ ತಿರುಪಿನಿಂದ ಬಿಗಿಯಿರಿ. ಬೆಸುಗೆ ಕಡ್ಡಿಯನ್ನು ಒಂದೇ ಕಡೆ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಬೆಸುಗೆಯಲ್ಲಿ ಸೀಸವಿರುತ್ತದೆ; ಕೆಲಸ ಮುಗಿದ ಕೂಡಲೆ ಕೈ ತೊಳೆಯತಕ್ಕದ್ದು.

ಅಡಾಪ್ಟರು ಹಚ್ಚುವ ಮೊದಲು ಮಲ್ಟಿಮೀಟರಿನಿಂದ ಎರಡು ಪರೀಕ್ಷೆ: ತಗಡಿಗೂ ಕೆಂಪು ತಂತಿಗೂ ಸಂಪರ್ಕವಿರಬಾರದು, ತಗಡಿಗೂ ಕಪ್ಪಿಗೂ ಇರಬಾರದು. ದೀಪ ಹತ್ತಿದ ಮೇಲೆ ಒಂದು ಗಂಟೆ ಬಿಟ್ಟು ತಗಡಿನ ಬೆನ್ನು ಮುಟ್ಟಿ ನೋಡಿ. ಬೆಚ್ಚಗಿರಬೇಕು; ಕೈ ಹಿಂದೆಗೆಯುವಷ್ಟು ಕಾದಿರಬಾರದು. ಹರಳಿನ ಆಯುಸ್ಸನ್ನು ತಿನ್ನುವುದು ಶಾಖವೇ.

ಮುಖ್ಯ ಎಚ್ಚರಿಕೆ

ಮನೆಯ ೨೩೦ ವೋಲ್ಟಿನ ಸುದ್ದಿಗೆ ಹೋಗಬೇಡಿ. ನಮ್ಮ ಕೈ ೧೨ ವೋಲ್ಟಿನ ಕಡೆಯೇ ಇರಲಿ. ೯ ವಾಟಿನ ಬಲ್ಬಿನ ಬಿಳಿ ಟೊಪ್ಪಿಗೆ ಕಿತ್ತು ಗಿಡದ ದೀಪ ಮಾಡುವವರಿದ್ದಾರೆ. ಅಂಥ ಅನೇಕ ಬಲ್ಬುಗಳ ಒಳಗೆ ಹರಳುಗಳಿಗೂ ಮನೆಯ ಲೈನಿಗೂ ನಡುವೆ ಯಾವ ತಡೆಯೂ ಇರುವುದಿಲ್ಲ. ಒದ್ದೆಗೈ ತಗಲಿದರೆ ಪ್ರಾಣಕ್ಕೇ ಕುತ್ತು. ೨೩೦ ವೋಲ್ಟಿನ ಅಲಂಕಾರದ ಪಟ್ಟಿಯನ್ನೂ ಇದಕ್ಕೆ ಬಳಸಕೂಡದು. ಅಡಾಪ್ಟರನ್ನು ಕುಂಡದಿಂದ ದೂರ, ನೀರು ಸಿಡಿಯದ ಎತ್ತರದಲ್ಲಿ ಇಡಿ. ತಂತಿ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಜೋಲುವಂತಿದ್ದರೆ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮಕ್ಕಳು ಹರಳನ್ನು ದಿಟ್ಟಿಸಿ ನೋಡದಂತೆ ಹೇಳಿರಿ. ಬೆಸುಗೆಯೇ ಬೇಡವೆನ್ನುವವರು ೧೦ ವಾಟಿನ, ಎರಡಡಿಯ ಸಿದ್ಧ ಟ್ಯೂಬ್‌ಲೈಟು ಮೂರು-ನಾಲ್ಕನ್ನು ಶೆಲ್ಫಿನ ಕೆಳಗೆ ಎಲೆಕ್ಟ್ರೀಶಿಯನ್ನನಿಂದ ಹಾಕಿಸಿಕೊಳ್ಳಬಹುದು. ಸಸಿಗೆ ಭೇದ ತಿಳಿಯದು.

ಬೆಳಕಿನಂತೆ ಕತ್ತಲೆಯೂ ಬೇಕು

ದೀಪವನ್ನು ಸಸಿಯ ತಲೆಯಿಂದ ಒಂದು ಗೇಣು ಮೇಲೆ ತೂಗುಹಾಕಿ. ಬದಿಗಳಿಗೆ ಬಿಳಿ ರಟ್ಟು ನಿಲ್ಲಿಸಿದರೆ ಹೊರಗೆ ಸೋರುವ ಬೆಳಕು ಸಸಿಗೇ ಮರಳುತ್ತದೆ. ಸಸಿ ನೂಲಿನಂತೆ ಎಳೆದರೆ ದೀಪ ಇಳಿಸಿ, ಎಲೆ ಬಿಳಿಚಿದರೆ ಏರಿಸಿ. ಟೈಮರನ್ನು ಬೆಳಿಗ್ಗೆ ೬ ರಿಂದ ರಾತ್ರಿ ೮ ರ ವರೆಗೆ ಕಟ್ಟಿರಿ. ಇಪ್ಪತ್ತನಾಲ್ಕು ಗಂಟೆಯೂ ಉರಿಸಿದರೆ ಬೇಗ ಬೆಳೆದೀತೆಂದು ಆಶಿಸುವುದು ಬೇಡ.

ಗಿಡಗಳು ಹಗಲು-ರಾತ್ರಿಗಳ ಉದ್ದವನ್ನು ಎಣಿಸುತ್ತವೆಂದು ಗಾರ್ನರ್, ಅಲಾರ್ಡ್ ಎಂಬಿಬ್ಬರು ೧೯೨೦ ರಲ್ಲಿ ಪ್ರಕಟಿಸಿದರು. ನಮ್ಮ ಕಲಬುರ್ಗಿಯ ತೊಗರಿಯೇ ಇದಕ್ಕೆ ಒಳ್ಳೆಯ ಸಾಕ್ಷಿ. ರಾತ್ರಿ ಉದ್ದವಾಗುವ ಕಾಲ ಬಂದಾಗ ಅದು ಹೂವಿಗೆ ನಿಲ್ಲುತ್ತದೆ. ಹೀಗಾಗಿ ಹೊಲದಲ್ಲಿ ವರ್ಷಕ್ಕೊಂದೇ ಬೆಳೆ, ಹೊಸ ತಳಿ ತೆಗೆಯಲು ಹತ್ತು ವರ್ಷಕ್ಕೂ ಮಿಕ್ಕ ಕಾಲ. ಇಲ್ಲಿಗೆ ಸಮೀಪದ ಪಟಾನ್‌ಚೆರುವಿನಲ್ಲಿ ೧೯೭೨ ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ಈಗ ಕೋಣೆಯೊಳಗೆ ಬೆಳಕನ್ನೂ ಶಾಖವನ್ನೂ ಹದದಲ್ಲಿರಿಸಿ ವರ್ಷಕ್ಕೆ ನಾಲ್ಕು ಪೀಳಿಗೆಯವರೆಗೆ ತೊಗರಿ ಬೆಳೆಯುವ ಕ್ರಮವನ್ನು ರೂಪಿಸಿದ್ದಾರೆ. ೨೦೧೯ ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ತೊಗರಿಯ ನಾಳಿನ ತಳಿಗಳಿಗೆ ಇಂಥ ದೀಪಗಳೂ ಆಸರೆಯಾದಾವು. ನಮ್ಮ ಮನೆಯ ತಗಡಿನ ದೀಪ ಆ ವಿದ್ಯೆಯ ಓನಾಮ.

ಏನು ಬೆಳೆಯಬಹುದು?

ಒತ್ತಾಗಿ ಬಿತ್ತಿದ ಮೆಂತ್ಯ ಮೂರು ವಾರಗಳ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಹೊಸಬರು ಇದರಿಂದಲೇ ಆರಂಭಿಸಲಿ. ಕೊತ್ತಂಬರಿಗೆ ಒಂದೂವರೆ ತಿಂಗಳ ತಾಳ್ಮೆ ಬೇಕು. ಪುದೀನ, ದೊಡ್ಡಪತ್ರೆಗಳನ್ನು ಕಡ್ಡಿಯಿಂದಲೇ ನೆಡಬಹುದು. ಬಾಲ್ಕನಿಗೆ ಸ್ವಲ್ಪ ಬಿಸಿಲಿರುವವರು ಟೊಮೇಟೊ, ಮೆಣಸಿನ ಸಸಿಗಳನ್ನು ದೀಪದ ಕೆಳಗೆ ಎಬ್ಬಿಸಿ ಆಮೇಲೆ ಹೊರಗಿಡಬಹುದು. ಆದರೆ ದೀಪದ ಬೆಳಕಿನಲ್ಲೇ ಟೊಮೇಟೊ ಕಾಯಿ ಬಿಡಿಸುತ್ತೇನೆ, ಪುಂಡಿಪಲ್ಯ ಬೆಳೆಯುತ್ತೇನೆ ಎಂದರೆ ಈ ಐದನೆಯ ಒಂದು ಪಾಲು ಬೆಳಕು ಸಾಲದು. ಪುಂಡಿಪಲ್ಯಕ್ಕಾದರೋ ಈ ಊರಿನಲ್ಲಿ ಚಿಂತೆಯಿಲ್ಲ. ಗೋಂಗುರ ಎಂದು ಕೇಳಿದರೆ ಎಲ್ಲ ಸಂತೆಯಲ್ಲೂ ಸಿಗುತ್ತದೆ. ಬಿಸಿಲು ಬರುವ ಮನೆಯವರಿಗಂತೂ ದೀಪದ ಅಗತ್ಯವೇ ಇಲ್ಲ. ಸೂರ್ಯನು ಬಿಲ್ಲು ಕಳಿಸುವುದಿಲ್ಲ.

ಲಾಭವೇನು?

ಅಡಾಪ್ಟರಿನಲ್ಲಿ ಪೋಲಾಗುವುದೂ ಸೇರಿ ೪೨ ವಾಟ್ ಎಂದಿಟ್ಟುಕೊಂಡರೆ, ಹದಿನಾಲ್ಕು ಗಂಟೆಗೆ ೦.೬ ಯೂನಿಟ್, ತಿಂಗಳಿಗೆ ೧೮ ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಈ ಹದಿನೆಂಟು ನಿಮ್ಮನ್ನು ಮೇಲಿನ ಸ್ಲ್ಯಾಬಿಗೆ ಏರಿಸುತ್ತದೆಯೇ ಎಂಬುದನ್ನೂ ಮರೆಯದೆ ನೋಡಿ. ರೈತು ಬಜಾರಿನ ಮೆಂತ್ಯದ ಕಟ್ಟಿಗಿಂತ ನಮ್ಮ ಕಟ್ಟು ತುಟ್ಟಿಯೇ ಬೀಳುತ್ತದೆ. ಹಣದ ಉಳಿತಾಯಕ್ಕಾಗಿ ಈ ದೀಪ ಮಾಡಿರೆಂದು ನಾನು ಹೇಳಲಾರೆ.

ಆದರೆ ಜಮಾ ಪುಸ್ತಕದಲ್ಲಿ ಬರೆಯಲು ಬಾರದ ಒಂದು ಬಾಬು ಉಂಟು. ನಮ್ಮ ಮನೆಯಲ್ಲಿ ಈ ದೀಪ ಉರಿಯುವುದು ತಾಯಿಯವರ ಕೋಣೆಯ ಮೂಲೆಯಲ್ಲಿ. ಮಾನ್ವಿಯ ಕಡೆಯ ಹಿತ್ತಿಲಿನಲ್ಲಿ ನಲವತ್ತು ವರ್ಷ ಕೈಯಾಡಿಸಿದ ಜೀವ ಅದು. ಮೂರನೆಯ ಮಾಳಿಗೆಗೆ ಬಂದ ಮೇಲೆ 'ಇಲ್ಲಿ ನನಗ ಮಾಡಾಕ ಏನೈತಿ?' ಎಂದು ಕೇಳುತ್ತಿದ್ದರು, ನನ್ನಲ್ಲಿ ಉತ್ತರವಿರಲಿಲ್ಲ. ಈಗ ಎದ್ದ ಕೂಡಲೆ ಮಣ್ಣು ಮುಟ್ಟಿ ತೇವ ನೋಡುತ್ತಾರೆ. ಮಗ ಅಳತೆಪಟ್ಟಿ ಹಿಡಿದು ಸಸಿಯ ಎತ್ತರ ಬರೆಯುತ್ತಾನೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಆಡುವ ಹುಡುಗ. ಮೊಳಕೆ, ಕುಡಿ, ದಂಟು, ಹದ, ಚಿವುಟು ಎಂಬ ಮಾತುಗಳು ಅವನ ಬಾಯಿಗೆ ಬಂದದ್ದು ಆ ಎರಡಡಿ ಬೆಳಕಿನ ಕೆಳಗೆ, ಅಜ್ಜಿಯ ಪಕ್ಕದಲ್ಲಿ ಕೂತು. ಈ ಮಾತುಗಳನ್ನು ಪುಸ್ತಕದಿಂದ ಕಲಿಸಲು ನಾನು ಮೊದಲು ಪಟ್ಟ ಪ್ರಯತ್ನಗಳಾವುವೂ ಫಲಿಸಿರಲಿಲ್ಲ.

ದೀಪ ಮಾಡಿದ ಬಂಧುಗಳು ಯಾವ ಸೊಪ್ಪು ಬಿತ್ತಿದಿರಿ, ಎಷ್ಟು ಎತ್ತರದಲ್ಲಿ ದೀಪ ಕಟ್ಟಿದಿರಿ, ಎಷ್ಟು ದಿನಕ್ಕೆ ಕೊಯ್ದಿರಿ ಎಂಬ ಮೂರು ಸಂಗತಿಗಳನ್ನು ಬರೆದು ಸಂಘದ ವಿಳಾಸಕ್ಕೆ ಕಳುಹಿಸಬೇಕಾಗಿ ವಿನಂತಿ. ಬಂದ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.