ಎದುರು ಬರುವವರ ಕಣ್ಣು

ಕಳೆದ ಮಳೆಗಾಲದ ಕೊನೆಯ ದಿನಗಳಲ್ಲೊಂದು ಮುಂಜಾವ, ಕುಮಟೆಯಲ್ಲಿ ರೈಲು ಹಿಡಿಯಬೇಕೆಂದು ಬಾಡದ ಮನೆಯಿಂದ ಐದು ಗಂಟೆಗೇ ಕಾರು ಹೊರಡಿಸಿದ್ದೆ. ಜಿನುಗುಮಳೆ ಹಿಡಿದಿತ್ತು, ಹೊಲನಗದ್ದೆ ಇನ್ನೂ ದೂರವಿರುವಾಗಲೇ, ತಿರುವಿನಾಚೆಯಿಂದ ಒಮ್ಮೆಲೆ ಹೊರಬಿದ್ದ ವಾಹನವೊಂದರ ನೀಲಿಛಾಯೆಯ ಬಿಳಿಬೆಳಕು ಗಾಜಿನ ಮೇಲಿನ ಒಂದೊಂದು ಹನಿಯಲ್ಲಿಯೂ ಒಡೆದು ಹರಡಿ, ರಸ್ತೆ, ಗದ್ದೆ, ಬೇಲಿ ಎಂಬ ಭೇದವೇ ಇಲ್ಲದಂತೆ ಸಮಸ್ತವನ್ನೂ ಅಳಿಸಿಬಿಟ್ಟಿತು. ಬ್ರೇಕು ಒತ್ತಿ ನಿಂತುಬಿಟ್ಟೆ. ಆ ವಾಹನ ದಾಟಿಹೋಗಿ ಕಣ್ಣಿಗೆ ಮತ್ತೆ ಕತ್ತಲೆಯ ಪರಿಚಯವಾದಾಗ ಕಂಡದ್ದು, ನನ್ನ ಕಾರಿನ ಎಡಮೂಲೆಯಿಂದ ನಾಲ್ಕು ಮೊಳವೂ ದೂರವಿಲ್ಲದೆ, ತಲೆಯ ಮೇಲಿನ ಮೀನಿನ ಬುಟ್ಟಿಯನ್ನು ಎರಡು ಕೈಯಿಂದಲೂ ಹಿಡಿದು ಚರಂಡಿಯ ಅಂಚಿನಲ್ಲಿ ನಿಂತಿದ್ದ ಒಬ್ಬ ತಾಯಿ. ನಾನು ಇಳಿದು ಕ್ಷಮೆ ಕೇಳಿದೆ. ಆಕೆ ಹೇಳಿದ್ದು ಇಷ್ಟೇ: “ನಿಂದಲ್ಲ ತಮ್ಮಾ, ಆ ಲೈಟಿಗೆ ನಂಗೂ ಕಣ್ಣು ಕಾಣ್ಲಿಲ್ಲ.”

ಈ ಸೀಮೆಯಲ್ಲಿ ರಾತ್ರಿ ಸಂಚರಿಸುವವರಾರಿಗೂ ಇದು ಅಪರಿಚಿತ ಅನುಭವವಲ್ಲ. ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಅಗಲವಾದ ಮೇಲೆ, ಎದುರುಬದುರಿನ ವಾಹನಗಳ ನಡುವೆ ಅಂತರ ಬಿದ್ದಿರುವ ಕಡೆಗಳಲ್ಲಿ ಸ್ವಲ್ಪ ಉಪಶಮನ ದೊರೆತಿದೆಯೆಂಬುದು ನಿಜ. ಆದರೆ ಹೆದ್ದಾರಿಯಿಂದ ಊರೊಳಗೆ ಇಳಿಯುವ ಇಕ್ಕಟ್ಟಿನ ದಾರಿಗಳಲ್ಲಿ, ಗೇರುಸೊಪ್ಪೆಯ ಘಟ್ಟದಲ್ಲಿ, ದೇವಿಮನೆಯ ತಿರುವುಗಳಲ್ಲಿ, ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಬೈಕಿನ ಮೇಲೆ ಮರಳುವವರಿಗೆ ಯಾವ ಮರೆಯೂ ಇಲ್ಲ.

ಇದಕ್ಕೆಲ್ಲ ಕಾರಣವಾದ ವಸ್ತು, ಗೂಡಿಗೆ ಒಗ್ಗದ ಬಲ್ಬು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹಳೆಯ ಮಾದರಿಯ ಎಷ್ಟೋ ಕಾರುಗಳಲ್ಲಿರುವ ಎಚ್4 ಎಂಬ ಹ್ಯಾಲೊಜೆನ್ ಬಲ್ಬನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಗಾಜಿನೊಳಗೆ ಎರಡು ತಂತಿಸುರುಳಿಗಳೂ, ಅವುಗಳಲ್ಲಿ ಒಂದರ ಅಡಿಗೆ ಚಮಚದ ತುದಿಯಂತೆ ಬಾಗಿದ ಒಂದು ಪುಟ್ಟ ಲೋಹದ ತಗಡೂ ಕಾಣುವುವು. ಡಿಮ್ ಮಾಡಿದಾಗ ಉರಿಯುವುದು ಈ ತಗಡಿನ ಮೇಲಿನ ಸುರುಳಿ. ಬೆಳಕು ಕೆಳಮುಖವಾಗಿ ಹೋಗದಂತೆ ತಗಡು ಅಲ್ಲಿಯೇ ತಡೆಯುವುದರಿಂದ, ಬಲ್ಬಿನ ಹಿಂದಿರುವ ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿದ್ದ ಬೆಳಕು ಪ್ರತಿಫಲಿಸಿ ರಸ್ತೆಗೆ ಇಳಿಯುತ್ತದೆಯೇ ಹೊರತು ಎದುರಿನವರ ಮುಖಕ್ಕೆ ಏರುವುದಿಲ್ಲ. ಕನ್ನಡಿಯ ಬಾಗನ್ನು ರೂಪಿಸಿದವರು ಆ ಸುರುಳಿ ಇಂಥದೇ ಸ್ಥಾನದಲ್ಲಿ, ಇಷ್ಟೇ ಗಾತ್ರದಲ್ಲಿ ಇರುವುದೆಂದು ನಿಶ್ಚಯಿಸಿಕೊಂಡೇ ಲೆಕ್ಕ ಹಾಕಿರುತ್ತಾರೆ. ಅದರ ಬದಲು ಅಂಗಡಿಯಲ್ಲಿ ಸಿಕ್ಕ ಎಲ್‌ಇಡಿಯನ್ನು ಅದೇ ಗೂಡಿಗೆ ತುರುಕಿದಾಗ, ಬೆಳಕಿನ ಮೂಲ ತನ್ನ ನೆಲೆಯಿಂದ ಕೂದಲೆಳೆಯಷ್ಟು ಸರಿದರೂ ಕನ್ನಡಿಯ ಲೆಕ್ಕವೆಲ್ಲ ತಪ್ಪಿ ಬೆಳಕು ದಿಕ್ಕುಗೆಟ್ಟು ಚೆಲ್ಲುತ್ತದೆ. 60/55 ವಾಟಿಗೆಂದು ಮಾಡಿದ ಗೂಡಿಗೆ 100/90 ವಾಟಿನ ಬಲ್ಬು ಹಾಕುವುದು ಇದಕ್ಕಿಂತ ಹಳೆಯ ದುರಭ್ಯಾಸ. ಹಾಗೆ ಮೇಲಕ್ಕೆ ಚೆಲ್ಲಿದ ಬೆಳಕು ನಮ್ಮ ಕರಾವಳಿಯ ಮಳೆಯಲ್ಲಿ ಹನಿಗಳನ್ನೇ ಬೆಳಗಿಸಿ, ಹಾಕಿಸಿಕೊಂಡವನ ಕಣ್ಣಿನ ಮುಂದೆಯೂ ಬಿಳಿಯ ಪರದೆಯನ್ನು ಇಳಿಬಿಡುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದು ಭಾವಿಸುವವರು ಬಹಳ. ಅದು ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರತಕ್ಕದ್ದೆಂದು ಅಳತೆಸಹಿತ ವಿಧಿಸುತ್ತದೆ. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ನಡೆದು ಬರುವ ಒಬ್ಬ ಸಾಮಾನ್ಯ ಹೆಂಗಸಿನ ಕಣ್ಣಿನ ಮಟ್ಟ. ಮೀನಿನ ಬುಟ್ಟಿ ಹೊತ್ತಿದ್ದ ಆ ತಾಯಿಯನ್ನು ಎದುರಿಗೆ ನಿಲ್ಲಿಸಿಕೊಂಡೇ ಈ ನಿಯಮವನ್ನು ಬರೆದಂತಿದೆಯೆಂದು ನನಗೆ ಅನ್ನಿಸುವುದುಂಟು. ಮೂಲ ಶಾಸನವಾದ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕನು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಕಲಮಿನಂತೆ, ನಿಯಮಬಾಹಿರವಾಗಿ ಭಾಗಗಳನ್ನು ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೆ ಎರಡೂ ಸಲ್ಲಬಹುದು. ಹೊಸ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬರುವ ಎಲ್‌ಇಡಿ ದೀಪಗಳ ಮಾತು ಬೇರೆ. ಅವುಗಳ ಗೂಡು, ಮಸೂರ, ಬೆಳಕು ಮೂರೂ ಒಟ್ಟಾಗಿ ಪರೀಕ್ಷೆಗೊಳಗಾಗಿ ಒಪ್ಪಿಗೆ ಪಡೆದಿರುತ್ತವೆ.

ಹಾಗೆಂದು ಇಂಥ ಬಲ್ಬು ಹಾಕಿಸುವವರೆಲ್ಲ ದುಷ್ಟರೆಂದು ನಾನು ಹೇಳಲಾರೆ. ಬೀದಿದೀಪವಿಲ್ಲದ ದಾರಿ, ಅಡ್ಡಬರುವ ದನಕರು, ಬಿಸಿಲಿಗೆ ಹಳದಿಗಟ್ಟಿ ಮಬ್ಬಾದ ದೀಪದ ಹೊದಿಕೆ, ಇವೆಲ್ಲ ಕೂಡಿ ‘ಲೈಟು ಸಾಲದು’ ಎಂಬ ನ್ಯಾಯವಾದ ದೂರನ್ನು ಹುಟ್ಟಿಸುತ್ತವೆ. ಆದರೆ ಆ ದೂರಿಗೆ ಪರಿಹಾರ ಹೊದಿಕೆಯನ್ನು ಉಜ್ಜಿಸಿ ಹೊಳಪು ತರಿಸುವುದು, ಸೊರಗಿದ ಬಲ್ಬನ್ನು ಅದೇ ವಾಟಿನ ಒಳ್ಳೆಯ ಬಲ್ಬಿಗೆ ಬದಲಿಸುವುದು, ದೀಪದ ಓರೆಯನ್ನು ಸರಿಪಡಿಸುವುದು. ಎಷ್ಟೋ ಕಾರುಗಳಲ್ಲಿ ಸ್ಟೇರಿಂಗಿನ ಪಕ್ಕದಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕಿ ಕೊರೆದ ಒಂದು ಚಿಕ್ಕ ಗಾಲಿಯಿರುವುದನ್ನೂ, ಹಿಂದೆ ಜನ ಅಥವಾ ಸಾಮಾನು ತುಂಬಿ ಕಾರಿನ ಮೂತಿ ಮೇಲೆದ್ದಾಗ ಬೆಳಕನ್ನು ತಗ್ಗಿಸಲೆಂದೇ ಅದನ್ನು ಇಟ್ಟಿರುವುದನ್ನೂ ಬಲ್ಲವರು ವಿರಳ.

ನನ್ನ ಮುಖ್ಯ ಆಕ್ಷೇಪವಿರುವುದು ಕಾನೂನನ್ನು ನಡೆಸುವ ಕ್ರಮದ ಬಗೆಗೆ. 2024ರ ಜುಲೈಯಲ್ಲಿ ಅಂದಿನ ಸಂಚಾರ ವಿಭಾಗದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ ಅಲೋಕ್ ಕುಮಾರ್ ಅವರು ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯವ್ಯಾಪಿಯಾಗಿ ಕಾರ್ಯಾಚರಣೆ ಕೈಗೊಂಡುದು ಶ್ಲಾಘನೀಯವಾದ ಕಾರ್ಯ. ಆದರೆ ರಸ್ತೆಯಲ್ಲಿ ವಾಹನ ತಡೆದು 500 ರೂಪಾಯಿ ವಸೂಲು ಮಾಡಿ ಅದೇ ಬಲ್ಬಿನೊಡನೆ ಬಿಟ್ಟುಬಿಟ್ಟರೆ, ಮುಂದಿನ ತಿರುವಿನಲ್ಲಿ ಎದುರಾಗುವವನಿಗೆ ಆ ರಸೀದಿಯಿಂದ ಏನು ಪ್ರಯೋಜನ? ಬಾಡಿಗೆ ವಾಹನಗಳಾದರೋ ನಿಯತಕಾಲದಲ್ಲಿ ಅರ್ಹತಾಪತ್ರದ ಪರೀಕ್ಷೆಗೆ, ಎಂದರೆ ಎಫ್‌ಸಿಗೆ ಬರಲೇಬೇಕು. ಖಾಸಗಿ ಕಾರೊಂದು ನೋಂದಣಿಯಾದ ಮೇಲೆ 15 ವರ್ಷಗಳವರೆಗೆ ಅದರ ದೀಪವನ್ನು ಪರೀಕ್ಷಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಹೊಗೆ ತಪಾಸಣೆಗಾದರೂ ಕಾಲಕಾಲಕ್ಕೆ ಹೋಗುತ್ತೇವಲ್ಲ, ಆಗಲೇ ದೀಪದ ಓರೆಯನ್ನೂ ಏಕೆ ನೋಡಬಾರದು? ಇನ್ನು ಮಾರುವವನ ಸಂಗತಿ. ಸುರಕ್ಷತೆಗೆ ಅತ್ಯಗತ್ಯವೆಂದು ಕೇಂದ್ರ ಸರ್ಕಾರವು ಅಧಿಸೂಚಿಸಿದ ಭಾಗವನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದರೆ ಒಂದೊಂದಕ್ಕೂ ಲಕ್ಷ ರೂಪಾಯಿ ದಂಡ ಹಾಕಬಹುದೆಂದು ಅದೇ 182ಎ ಕಲಮು ಹೇಳುತ್ತದೆ. ರಾತ್ರಿಯ ರಸ್ತೆಯಲ್ಲಿ ಹೆಡ್‌ಲೈಟಿಗಿಂತ ಸುರಕ್ಷತೆಗೆ ಹೆಚ್ಚು ಅತ್ಯಗತ್ಯವಾದ ಭಾಗ ಯಾವುದಿದೆಯೋ ನಾನರಿಯೆ. ಜರ್ಮನಿಯಲ್ಲಿ 2020ರಿಂದ ಬದಲಿ ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ದೊರೆತಿದೆಯಾದರೂ, ಇಂಥ ಬಲ್ಬು ಇಂಥ ಮಾದರಿಯ ಕಾರಿನ ಇಂಥ ದೀಪಕ್ಕೆ ಮಾತ್ರವೆಂದು ಪರೀಕ್ಷಿಸಿ ಪಟ್ಟಿ ಮಾಡಿದ ಮೇಲೆಯೇ. ನಮ್ಮಲ್ಲಿ ಯಾವ ಪಟ್ಟಿಯೂ ಇಲ್ಲದೆ ಯಾವ ಗೂಡಿಗಾದರೂ ಯಾವ ಬಲ್ಬನ್ನಾದರೂ ಕೂಡಿಸುತ್ತಿರುವುದನ್ನು ಅಂಗಡಿಯ ಮೆಟ್ಟಿಲಲ್ಲಿಯೇ ತಡೆಯಬೇಕು.

ವಯಸ್ಸಾದ ಕಣ್ಣು ಇಂಥ ಬೆಳಕಿನ ಪೆಟ್ಟಿನಿಂದ ಚೇತರಿಸಿಕೊಳ್ಳಲು ಎಳೆಯ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಪೊರೆ ಬಂದ ಕಣ್ಣಿಗಂತೂ ಹೇಳಲೇ ಬೇಡ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದೊಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ದೂರ ಕ್ರಮಿಸುತ್ತದೆ. ಅಷ್ಟು ನೆಲವನ್ನು ನಾವು ಕುರುಡಾಗಿ ದಾಟುತ್ತಿದ್ದೇವೆ, ಅದರ ಮೇಲೆ ಯಾರು ನಿಂತಿದ್ದಾರೆಂದು ಅರಿಯದೆ. ನನ್ನ ಬಾಲ್ಯದಲ್ಲಿ ಆಟ ಮುಗಿಸಿ ಮರಳುವಾಗ ತೆಂಗಿನ ಗರಿಯ ಸೂಡಿ ಹಿಡಿದು ಮುಂದೆ ನಡೆಯುತ್ತಿದ್ದ ಹಿರಿಯರು, ಎದುರಿನಿಂದ ಯಾರಾದರೂ ಬಂದರೆ ಅದನ್ನು ಬದಿಗೆ ತಗ್ಗಿಸಿ ಹಿಡಿದು ಅವರನ್ನು ದಾಟಿಸಿ ಮುಂದೆ ಹೋಗುತ್ತಿದ್ದರು. ಹಾಗೆ ಮಾಡೆಂದು ಅವರಿಗೆ ಯಾವ ಕಲಮೂ ಹೇಳಿರಲಿಲ್ಲ.

ಕಾರುಳ್ಳ ಓದುಗರಲ್ಲಿ ನನ್ನದೊಂದು ಬಿನ್ನಹ. ಇಂದು ಕತ್ತಲಾದ ಮೇಲೆ ನಿಮ್ಮ ಕಾರನ್ನು ಸಮತಟ್ಟಾದ ನೆಲದಲ್ಲಿ, ಗೋಡೆಯೊಂದರಿಂದ 8 ಮೀಟರ್ ದೂರದಲ್ಲಿ ನಿಲ್ಲಿಸಿ, ಆ ಗೋಡೆಯ ಮೇಲೆ ಒಂದೂವರೆ ಮೀಟರ್ ಎತ್ತರಕ್ಕೆ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ದೀಪವನ್ನು ಡಿಮ್ ಮಾಡಿ ಹೊತ್ತಿಸಿರಿ. ಪ್ರಖರವಾದ ಬೆಳಕು ಆ ಗೆರೆಯ ಕೆಳಗೆಯೇ ಉಳಿಯದಿದ್ದರೆ, ನಾಳೆ ಬೆಳಗ್ಗೆಯೇ ಹೋಗಿ ಆ ಬಲ್ಬನ್ನು ತೆಗೆಸಿಬಿಡಿರಿ.