ಪೂರ್ವಸೂರಿಗಳ ಋಣ

ಪೂರ್ವಕವಿಗಳನ್ನು ಸ್ಮರಿಸಿ ಕಾವ್ಯಾರಂಭ ಮಾಡುವುದು ಕನ್ನಡದ ಹಳೆಯ ಸಂಪ್ರದಾಯ. ಆ ವಿನಯವೇ ಸಂಶೋಧನೆಯಲ್ಲಿ ಅಡಿಟಿಪ್ಪಣಿಯಾಗಿ ಮುಂದುವರಿಯಬೇಕು. ಆದರೆ ಪಿಎಚ್.ಡಿ. ಪದವಿಗೆ ಪ್ರಕಟಿತ ಲೇಖನ ಕಡ್ಡಾಯವಾದಾಗ, ಹಣ ಪಡೆದು ಪರಿಶೀಲಿಸದೆ ಅಚ್ಚುಹಾಕುವ ನಿಯತಕಾಲಿಕೆಗಳಿಗೆ ಸುಗ್ಗಿಯಾಯಿತು. ಅದನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ‘ಕೇರ್’ ಪಟ್ಟಿಯನ್ನು ತಂದಿತು. 2022ರಲ್ಲಿ ಆ ಕಡ್ಡಾಯವನ್ನೂ 2025ರಲ್ಲಿ ಪಟ್ಟಿಯನ್ನೂ ಕೈಬಿಟ್ಟಿತು. ಇನ್ನು ಹೊಣೆ ಸಂಪಾದಕರದು, ಕನ್ನಡ ವಿಭಾಗಗಳದು.

ಹೊರನಾಡಿನಲ್ಲಿ ಕನ್ನಡ ವಿದ್ವಾಂಸರು ಕೆಲವರೇ. ಹೆಸರು ಮರೆಮಾಡಿದರೂ ಲೇಖಕರು ಯಾರೆಂಬುದು ವಿಷಯದಿಂದಲೇ ತಿಳಿಯುತ್ತದೆ. ಆದ್ದರಿಂದ ಲೇಖನಗಳನ್ನು ಪರಿಚಯದ ವಲಯದಾಚೆಗಿನ ತಜ್ಞರಿಗೆ ಕಳುಹಿಸುವುದು, ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸುವುದು ಅವಶ್ಯ. ಶಾಸನದ ಪಾಠವನ್ನು ಓದಿಕೊಟ್ಟವರ, ಜನಪದ ಹಾಡನ್ನು ಹೇಳಿಕೊಟ್ಟವರ ಹೆಸರನ್ನು ಮರೆಸಿದ ಲೇಖನವು ಯಾವ ಪತ್ರಿಕೆಯಲ್ಲಿ ಬಂದರೂ ಕಳವೇ ಸರಿ.