ಉಪ್ಪಾಗೆಯ ಹುಳಿ, ಬೊಜ್ಜಿನ ಮಾತ್ರೆ

ಉಪ್ಪಾಗೆ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ, ಮುರುಗಲಿನ ಹತ್ತಿರದ ಬಳಗ. ಏಣು ಏಣಾದ ಅದರ ಪುಟ್ಟ ಹಳದಿ ಹಣ್ಣು ಮಳೆಗಾಲದಲ್ಲಿ ಕೊಯ್ಲಿಗೆ ಬರುತ್ತದೆ. ಉತ್ತರ ಕನ್ನಡದಲ್ಲಿ ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಿ ಕಾಚಂಪುಳಿ ಮಾಡುತ್ತಾರೆ, ಅದಿಲ್ಲದೆ ಪಂದಿಕರಿ ಆಗದು. ಈ ಅಡುಗೆಗಳ ಬಗ್ಗೆ ಯಾರ ತಕರಾರೂ ಇಲ್ಲ. ತಕರಾರಿರುವುದು ಅದೇ ಹಣ್ಣಿನ ಸಿಪ್ಪೆಯ ಸಾರವನ್ನು ‘ಗಾರ್ಸೀನಿಯಾ ಕಾಂಬೋಜಿಯಾ’ ಎಂದು ಡಬ್ಬಿಗೆ ತುಂಬಿ, ಬೊಜ್ಜು ಕರಗಿಸುತ್ತದೆಂದು ಮಾರುವ ವ್ಯಾಪಾರದ ಬಗ್ಗೆ.

ಸಿಪ್ಪೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದು 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಅವರಿಂದ ಗೊತ್ತಾಯಿತು. ದೇಹವು ಸಕ್ಕರೆಯನ್ನು ಕೊಬ್ಬಾಗಿಸುವಾಗ ಬಳಸುವ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಇಲಿಗಳಲ್ಲಿ ಕೊಬ್ಬಿನ ತಯಾರಿ ತಗ್ಗಿದ್ದೂ ನಿಜ. ಮಾರುವವರ ವಿಜ್ಞಾನ ಇಲ್ಲಿಗೇ ಮುಗಿಯುತ್ತದೆ. ಮನುಷ್ಯರು ಸಾಮಾನ್ಯ ಊಟ ಉಣ್ಣುವಾಗ ಮೈಯಲ್ಲಿ ಶೇಖರವಾಗುವ ಕೊಬ್ಬು ಬಹುಪಾಲು ಊಟದ ಎಣ್ಣೆ, ತುಪ್ಪದಿಂದಲೇ ಬಂದದ್ದು. ಸಕ್ಕರೆ ಕೊಬ್ಬಾಗುವ ಪ್ರಮಾಣ ಅಲ್ಪ. ಅಲ್ಪವಾದದ್ದನ್ನು ತಡೆದು ಸಿಗುವ ಲಾಭವೂ ಅಲ್ಪವೇ.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದ ಪ್ರಯೋಗ ಇದನ್ನೇ ತೋರಿಸಿತು. 135 ಮಂದಿಯಲ್ಲಿ ಕೆಲವರಿಗೆ 12 ವಾರ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಉಳಿದವರಿಗೆ ಹುಸಿಮಾತ್ರೆ. ಸಾರ ನುಂಗಿದವರು ಸರಾಸರಿ 3.2 ಕೆ.ಜಿ. ಇಳಿದರು, ಹುಸಿಮಾತ್ರೆಯವರು 4.1 ಕೆ.ಜಿ.! ಇಬ್ಬರಿಗೂ ಪಥ್ಯದ ಊಟವಿತ್ತು. ತೂಕ ಇಳಿಸಿದ್ದು ಆ ಪಥ್ಯ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯಲ್ಲೂ ಸಿಕ್ಕ ವ್ಯತ್ಯಾಸ ಒಂದು ಕಿಲೋಕ್ಕೂ ಕಡಿಮೆ.

‘ನೈಸರ್ಗಿಕ, ಹಾಗಾಗಿ ನಿರಪಾಯ’ ಎಂಬ ಮಾತು ಇದಕ್ಕಿಂತ ಕೆಟ್ಟದ್ದು. ಈ ಮಾತ್ರೆ ತಿಂದವರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿಕೊಂಡ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಫ್ರಾನ್ಸ್ 2012ರಲ್ಲೇ ಔಷಧಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಪೂರಕ ಆಹಾರವಾಗಿ ಮಾರಾಟ ಮಾತ್ರ ನಡೆದೇ ಇತ್ತು. ಒಂದು ಸಾವೂ ಸೇರಿ ತೀವ್ರ ಪ್ರಕರಣಗಳು ವರದಿಯಾದ ಮೇಲೆ, 2025ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಅದನ್ನೂ ಸೇವಿಸಬೇಡಿ ಎಂದಿತು. ಅಜ್ಜಿ ಸಾರಿಗೆ ಹಾಕುತ್ತಿದ್ದ ಎರಡು ಚೂರು ಸಿಪ್ಪೆಗೂ ಶೇ 50–60ರಷ್ಟು ಆಮ್ಲಕ್ಕೆ ಗಟ್ಟಿಗೊಳಿಸಿ ತಿಂಗಳುಗಟ್ಟಲೆ ನುಂಗಿಸುವ ಸಾರಕ್ಕೂ ಏನು ಸಂಬಂಧ? ಅಜ್ಜಿಯ ಹೆಸರಿನಲ್ಲಿ ಅದನ್ನು ಮಾರುವುದು ಮೋಸ.

ಅದೇ ಕಿಣ್ವವನ್ನು ತಡೆಯುವ ಬೆಂಪೆಡೊಯಿಕ್ ಆಮ್ಲವೂ ಇದೆ. ಅದು ಕೊಲೆಸ್ಟರಾಲ್ ಇಳಿಸುವ ಔಷಧ; 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು, ಸುಮಾರು 14,000 ರೋಗಿಗಳ ಮೇಲಿನ ಅದರ ಪ್ರಯೋಗ ಆಮೇಲೂ ಮುಂದುವರಿಯಿತು. ಹಣ್ಣಿನ ಸಾರ ಆಹಾರದ ಪಟ್ಟಿಯಲ್ಲಿ ನುಸುಳಿ ಈ ಪರೀಕ್ಷೆಯನ್ನೆಲ್ಲ ತಪ್ಪಿಸಿಕೊಳ್ಳುತ್ತದೆ. ಭಾರತದ ನಿಯಮದಂತೆ ಡಬ್ಬಿಯ ಮೇಲೆ ‘ಔಷಧವಾಗಿ ಬಳಕೆಗಲ್ಲ’ ಎಂದಿರಬೇಕು. ಅದಷ್ಟು ಸಣ್ಣಕ್ಷರದಲ್ಲಿ, ಕರಗುವ ಸೊಂಟದ ಚಿತ್ರ ದೊಡ್ಡದಾಗಿ.

ಈ ಮಾತ್ರೆಗಳಿಗೆ ನಿರ್ಬಂಧ ಹಾಕಿದರೆ ಮಲೆನಾಡಿನ ಕೊಯ್ಲುಗಾರರ ಹೊಟ್ಟೆಗೆ ಹೊಡೆತ ಎಂಬ ವಾದವೂ ಇದೆ. ಆದರೆ 1990ರ ದಶಕದಲ್ಲಿ ಬೆಲೆ ಏರಿದಾಗ ಕಾಡಿನಲ್ಲಿ ಆದದ್ದು ಪೈಪೋಟಿ: ಬೇರೆಯವರು ಕೊಯ್ಯುವ ಮೊದಲೇ ಕೊಯ್ಯಬೇಕೆಂದು ಬಲಿಯದ ಕಾಯಿ ಇಳಿಸಿದರು, ಕೊಂಬೆ ಕಡಿದರು. ಬಿಸಿಲಿಲ್ಲದ ಆಷಾಢದಲ್ಲಿ ಸಿಪ್ಪೆ ಒಣಗಿಸಲು ಉರಿಸಿದ್ದೂ ಕಾಡಿನ ಕಟ್ಟಿಗೆಯನ್ನೇ. ಅಡುಗೆಯ ಹುಳಿಯಾಗಿ ಸಿಪ್ಪೆಗಿರುವ ಗಿರಾಕಿಗಳನ್ನು ಯಾವ ನಿರ್ಬಂಧವೂ ಮುಟ್ಟಬೇಕಿಲ್ಲ. ತೂಕ ಇಳಿಸುತ್ತೇವೆನ್ನುವವರು ಮೊದಲು ಮನುಷ್ಯರ ಮೇಲಿನ ಪುರಾವೆ ಒಪ್ಪಿಸಲಿ. ಯಕೃತ್ತಿನ ಎಚ್ಚರಿಕೆಯನ್ನು ಡಬ್ಬಿಯ ಮುಂಬದಿಯಲ್ಲಿ, ಕನ್ನಡದಲ್ಲೂ ಅಚ್ಚು ಹಾಕಲಿ.